ಬಾಗಿಲ ಮೇಲಿನ ಹೆಸರು ಓದುತ್ತಾ ಹೋಗಿ: ಕೊಚ್ಚಿಯಲ್ಲಿ ಒಬ್ಬರೇ ಕಳೆಯುವ ಒಂದು ದಿನ

ಹೋದ ತಿಂಗಳು ಈ ಪುಟದಲ್ಲಿ, ಕೊಚ್ಚಿಗೆ ಒಬ್ಬಳೇ ಹೋಗಿ ಬಂದೆ ಅಂತ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವಳು ನಾನು. ಪತ್ರ ಅಂದರೆ ಈಗಲೂ ಖುಷಿ. ಈ ಸಲದ ಪುಟ ಪೂರ್ತಿ ಕೊಚ್ಚಿಗೇ ಇರಲಿ.

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಎರ್ನಾಕುಲಂನಲ್ಲಿ ಒಂದು ಸಂದರ್ಶನವಿದೆ. ಮರುದಿನ ರಾತ್ರಿ ವಾಪಸ್ ರೈಲು. ಮಧ್ಯೆ ಒಂದು ಪೂರ್ತಿ ದಿನ ಸಿಗುತ್ತದೆ. ಒಬ್ಬಳೇ ಎಲ್ಲೂ ಸುತ್ತಿದವಳಲ್ಲ. ಹಳೆ ಕೊಚ್ಚಿ ನೋಡಬೇಕು ಅಂತ ಆಸೆ. ಹೇಗೆ ಹೋಗಲಿ, ಎಲ್ಲಿಂದ ಶುರು ಮಾಡಲಿ? — ಓದುಗರು, ದಾವಣಗೆರೆ

ಉತ್ತರ: ಹಳೆ ಕೊಚ್ಚಿ ಅಂದರೆ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ ಎರಡೂ. ಮೊದಲು ಅವತ್ತು ಯಾವ ವಾರ ಅಂತ ನೋಡಿಕೊಳ್ಳಿ ತಾಯಿ. ಶುಕ್ರವಾರ ಮಟ್ಟಾಂಚೇರಿ ಅರಮನೆಗೆ ರಜೆ. ಶನಿವಾರ ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ರಜೆ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ನಡೆಯುತ್ತಿರುತ್ತದೆ, ನೋಡೋಕೆ ಅಂತ ಒಳಗೆ ಹೋಗುವುದು ಸರಿಯಲ್ಲ. ಸಂದರ್ಶನ ಸೋಮವಾರದಿಂದ ಬುಧವಾರದೊಳಗೆ ಇದ್ದರೆ ನಿಮ್ಮ ಪುಣ್ಯ.

ಬೆಳಿಗ್ಗೆ ಬೇಗ ಎದ್ದು ಎರ್ನಾಕುಲಂ ಬೋಟ್ ಜೆಟ್ಟಿಗೆ ಹೋಗಿ. ರಸ್ತೆಯಲ್ಲೂ ಹೋಗಬಹುದು, ಆದರೆ ಬೇಡ. ಬಂದರು ಊರನ್ನು ನೀರಿನ ಕಡೆಯಿಂದಲೇ ನೋಡಬೇಕು. ಆ ಊರಿಗೆ ಬಂದವರೆಲ್ಲ ಬಂದದ್ದು ಹಾಗೇ ಅಲ್ವಾ? ಸರ್ಕಾರಿ ಬೋಟಿಗೆ ಟಿಕೆಟ್ ಹತ್ತು ರೂಪಾಯಿಯೊಳಗೆ. 2023ರಲ್ಲಿ ವಾಟರ್ ಮೆಟ್ರೋ ಶುರುವಾಯಿತು, ಅದು ಎ.ಸಿ. ಬೋಟು, ಚೆನ್ನಾಗಿದೆ. ಆದರೂ ನನಗೆ ಹಳೆ ಬೋಟೇ ಇಷ್ಟ. ಕಿಟಕಿಗೆ ಗಾಜಿಲ್ಲ, ಮುಖಕ್ಕೆ ಗಾಳಿ ಹೊಡೆಯುತ್ತದೆ. ಪಕ್ಕದಲ್ಲಿ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೋಗುವವರು ಕೂತಿರುತ್ತಾರೆ. ಎಡಗಡೆ ವಿಲಿಂಗ್ಡನ್ ದ್ವೀಪ, ಬಲಗಡೆ ವಲ್ಲಾರ್ಪಾಡಂ ಕಂಟೇನರ್ ಬಂದರಿನ ದೊಡ್ಡ ಕ್ರೇನುಗಳು. ಸ್ವಲ್ಪ ಹೊತ್ತಿಗೆ ಫೋರ್ಟ್ ಕೊಚ್ಚಿ ಬಂದೇ ಬಿಡುತ್ತದೆ.

ಇಳಿದ ಕೂಡಲೇ ನಾನು ಗಮನಿಸಿದ್ದು ಒಂದು ಪಿನ್‌ಕೋಡ್. ಫೋರ್ಟ್ ಕೊಚ್ಚಿಗೆ 682001, ಮಟ್ಟಾಂಚೇರಿಗೆ 682002. ಅಷ್ಟು ದೊಡ್ಡದಾಗಿ ಬೆಳೆದ ಎರ್ನಾಕುಲಂಗೆ 682011. ಅಂಚೆ ಇಲಾಖೆಯ ಲೆಕ್ಕದಲ್ಲಿ ಊರು ಶುರುವಾಗುವುದು ಇಲ್ಲಿಂದಲೇ. ಅವತ್ತಿನಿಂದ ನಾನು ಕೊಚ್ಚಿಯಲ್ಲಿ ಗೈಡು ಹಿಡಿಯುವುದಿಲ್ಲ. ಬಾಗಿಲ ಮೇಲಿನ ಹೆಸರು, ಅಂಗಡಿ ಬೋರ್ಡು, ಅಂಚೆ ಡಬ್ಬಿ ಇವನ್ನೇ ಓದುತ್ತಾ ನಡೆಯುತ್ತೇನೆ. ಡಿಕ್ರೂಜ್ ಅಂತ ಒಂದು ಮನೆ, ನಾಲ್ಕು ಹೆಜ್ಜೆಗೆ ನೈನಾ, ಆಮೇಲೆ ಶೆಣೈ, ಸೇಟ್, ಶಾ. ನೀವೂ ಹಾಗೇ ಮಾಡಿ ನೋಡಿ.

ದಡದಲ್ಲಿರುವ ಚೀನೀ ಮೀನುಬಲೆಗಳನ್ನು ಬೆಳಿಗ್ಗೆ ಏಳರ ಹೊತ್ತಿಗೆ ನೋಡಿ. ಆಮೇಲೆ ಸೇಂಟ್ ಫ್ರಾನ್ಸಿಸ್ ಚರ್ಚ್. ಪೋರ್ಚುಗೀಸರು 1503ರಲ್ಲಿ ಮರದಲ್ಲಿ ಕಟ್ಟಿದ ಚರ್ಚು, ಆಮೇಲೆ ಕಲ್ಲಿನದಾಯಿತು. ವಾಸ್ಕೋ ಡ ಗಾಮ 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡಾಗ ಹೂಳಿದ್ದು ಇಲ್ಲೇ. ಮುಂದೆ ಅವನ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಎಲ್ಲರೂ ಆ ಸಮಾಧಿ ಕಲ್ಲಿನ ಮುಂದೆ ನಿಂತು ಫೋಟೋ ತೆಗೆಯುತ್ತಾರೆ. ನೀವು ತಲೆಯೆತ್ತಿ ಮೇಲೆ ನೋಡಿ. ಉದ್ದದ ಬಟ್ಟೆ ಬೀಸಣಿಗೆಗಳು ತೂಗುತ್ತಿರುತ್ತವೆ. ಅದರ ಹಗ್ಗ ಗೋಡೆ ದಾಟಿ ಹೊರಗೆ ಹೋಗುತ್ತದೆ. ಒಳಗೆ ಕೂತವರಿಗೆ ಗಾಳಿ ಬೀಸಲು ಹೊರಗೆ ಯಾರೋ ನಿಂತು ಆ ಹಗ್ಗ ಎಳೆಯಬೇಕಿತ್ತು. ಆ ಹಗ್ಗದ ತೂತನ್ನು ನೋಡದೆ ಬರಬೇಡಿ.

ಸಾಂತಾ ಕ್ರೂಜ್ ಬೆಸಿಲಿಕಾಗೆ ಹತ್ತು ನಿಮಿಷ ಸಾಕು. ಆಮೇಲೆ ಆಟೋ ಹಿಡಿದು ವೇಲಿಯ ಧೋಬಿ ಖಾನಾಕ್ಕೆ ಹೋಗಿ. ಇದನ್ನು ಮಾತ್ರ ಬಿಡಬೇಡಿ. ಸೈನಿಕರ ಬಟ್ಟೆ ಒಗೆಯಲಿಕ್ಕೆ ಅಂತ ತಮಿಳುನಾಡಿನಿಂದ ಕರೆತಂದ ವಣ್ಣಾರ್ ಸಮುದಾಯದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲಿ ಒಗೆಯುತ್ತಾರೆ. ಅಕ್ಕಪಕ್ಕ ಒಗೆಯುವ ಕಟ್ಟೆಗಳು, ಹಿಂದೆ ಬಯಲು. ಬಯಲಿನಲ್ಲಿ ಬಟ್ಟೆ ಒಣಹಾಕಿದ್ದಾರೆ, ಒಂದಕ್ಕೂ ಕ್ಲಿಪ್ ಇಲ್ಲ! ಎರಡು ನಾರಿನ ಹಗ್ಗ ಹೊಸೆದು ಕಟ್ಟಿದ್ದಾರೆ. ಆ ಹೊಸೆದ ಸಂದಿಯನ್ನು ಬೆರಳಿನಿಂದ ಬಿಡಿಸಿ, ಸೀರೆಯ ತುದಿ ತುರುಕಿ, ಬೆರಳು ಬಿಟ್ಟರೆ ಆಯಿತು. ಹಗ್ಗವೇ ಕಚ್ಚಿ ಹಿಡಿಯುತ್ತದೆ. ಎಂಥ ಗಾಳಿಗೂ ಹಾರುವುದಿಲ್ಲ. ಒಬ್ಬ ಹಿರಿಯರು ನನ್ನ ಕರವಸ್ತ್ರ ತೆಗೆದುಕೊಂಡು ಮಾಡಿ ತೋರಿಸಿದರು. ನಾನು ಎರಡು ಸಲ ಮಾಡಿದೆ, ಎರಡು ಸಲವೂ ಜಾರಿತು. ಮೂರನೇ ಸಲ ನಿಂತಿತು. ಅವರು ನಕ್ಕು ತಮಿಳಿನಲ್ಲಿ ಏನೋ ಅಂದರು, ಪಕ್ಕದವರಿಗೆ ಮಲಯಾಳದಲ್ಲಿ ಹೇಳಿದರು. ಒಳಗೆ ಅಕ್ಕಿ ಗಂಜಿ ಹಾಕಿ, ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಆ ಗಂಜಿ ಸುಡುವ ವಾಸನೆ ನಮ್ಮಮ್ಮನ ಕಾಲದ್ದು.

ಇನ್ನು ಉಳಿದ ದಿನವನ್ನೆಲ್ಲ ಮಟ್ಟಾಂಚೇರಿಗೆ ಕೊಡಿ. ಜಾಸ್ತಿ ಜನ ಇದನ್ನೇ ತಪ್ಪು ಮಾಡುತ್ತಾರೆ. ಫೋರ್ಟ್ ಕೊಚ್ಚಿ ಕಡಲ ದಂಡೆಯಲ್ಲೇ ಹೊತ್ತು ಕಳೆದು, ಸಂಜೆ ನಾಲ್ಕಕ್ಕೆ ಓಡೋಡಿ ಮಟ್ಟಾಂಚೇರಿಗೆ ಬರುತ್ತಾರೆ. ಊರು ಬದುಕುತ್ತಿರುವುದು ಮಟ್ಟಾಂಚೇರಿಯಲ್ಲಿ. ಕಲ್ವತ್ತಿಯಿಂದ ಬಜಾರ್ ರಸ್ತೆ ಹಿಡಿದು ನಡೆದರೆ ಎರಡು ಕಿಲೋಮೀಟರ್ ಚಿಲ್ಲರೆ. ಹಳೆ ಗೋದಾಮುಗಳು, ಅಕ್ಕಿ ಮೂಟೆ, ಒಣಶುಂಠಿ, ಮೆಣಸಿನಕಾಯಿ ಘಾಟು. ಸೀನು ಬರುತ್ತದೆ, ಕರವಸ್ತ್ರ ಇರಲಿ. ನಿಮಗೊಂದು ವಿಷಯ ಹೇಳಬೇಕು. ಫೋರ್ಟ್ ಕೊಚ್ಚಿ ಬ್ರಿಟಿಷರದ್ದಾಗಿತ್ತು, ಮಟ್ಟಾಂಚೇರಿ ಕೊಚ್ಚಿ ಮಹಾರಾಜರದ್ದು. ನಡೆದು ದಾಟುವಷ್ಟು ಹತ್ತಿರದಲ್ಲಿ ಎರಡು ಸರ್ಕಾರ, ಎರಡು ಅಂಚೆ. ರಾಜರ ಅಂಚೆಗೆ ಅಲ್ಲಿ ಅಂಚಲ್ ಅಂತ ಹೆಸರು. ನಮ್ಮ ಮೈಸೂರಿನ ಅಂಚೆ 1889ರಲ್ಲೇ ಬ್ರಿಟಿಷರ ಇಲಾಖೆಗೆ ಸೇರಿಹೋಯಿತು. ಅವರ ಅಂಚಲ್ 1951ರವರೆಗೂ ನಡೆಯಿತು. ಆ ಬೀದಿಯಲ್ಲಿ ನಡೆಯುವಾಗ ನನಗೆ ಅದೇ ಯೋಚನೆ. ಈ ಕಡೆಯವರು ಆ ಕಡೆಯ ನೆಂಟರಿಗೆ ಕಾಗದ ಹಾಕಬೇಕಾದರೆ ಯಾವ ಸ್ಟಾಂಪು ಅಂಟಿಸುತ್ತಿದ್ದರು?

ಅರಮನೆ, ಸಿನಗಾಗ್ ಎರಡೂ ಅಕ್ಕಪಕ್ಕ. ಸಿನಗಾಗನ್ನು ಮಧ್ಯಾಹ್ನ ಮುಚ್ಚಿ ಮತ್ತೆ ತೆರೆಯುತ್ತಾರೆ, ಆದ್ದರಿಂದ ಮೊದಲು ಅದಕ್ಕೇ ಹೋಗಿ. ಅರಮನೆಯನ್ನು ಡಚ್ ಪ್ಯಾಲೇಸ್ ಅನ್ನುತ್ತಾರೆ, ಕಟ್ಟಿದ್ದು ಮಾತ್ರ ಪೋರ್ಚುಗೀಸರು. ಹದಿನಾರನೇ ಶತಮಾನದಲ್ಲಿ ಕಟ್ಟಿ ರಾಜನಿಗೆ ಕೊಟ್ಟರು. ಡಚ್ಚರು ಆಮೇಲೆ ದುರಸ್ತಿ ಮಾಡಿಸಿದರು, ಹೆಸರು ಅವರದ್ದೇ ಉಳಿಯಿತು. ರಾಜನ ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣದ ಚಿತ್ರಗಳಿವೆ. ಒಬ್ಬರೇ ಹೋಗುವುದರ ಲಾಭ ಇಲ್ಲೇ ನೋಡಿ. ಎಷ್ಟು ಹೊತ್ತು ನಿಂತರೂ "ಬಾರೇ, ಹೊತ್ತಾಯಿತು" ಅನ್ನುವವರಿಲ್ಲ.

ಭಯದ ವಿಷಯ. ಹಗಲು ಹೊತ್ತು ಜನ ಇದ್ದೇ ಇರುತ್ತಾರೆ. ದಾರಿ ಕೇಳಿದರೆ "ಚೇಚಿ (ಅಕ್ಕ), ಇತ್ತ ಕಡೆ" ಅಂತ ಕೈ ತೋರಿಸುತ್ತಾರೆ. ಆದರೆ ಬಜಾರ್ ರಸ್ತೆಯ ಗೋದಾಮುಗಳ ಬಾಗಿಲು ಹಾಕಿದ ಮೇಲೆ ಆ ಓಣಿಗಳು ಖಾಲಿ. ಕತ್ತಲಾಗುವ ಮೊದಲು ಅಲ್ಲಿಂದ ಹೊರಡಿ. ಮಟ್ಟಾಂಚೇರಿ ಜೆಟ್ಟಿಯಿಂದ ಬೋಟ್ ಕಮ್ಮಿ. ಕೊನೆಯದು ಎಷ್ಟಕ್ಕೆ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. ಮೊದಲ ಸಲ ನಾನು ಕೇಳದೆ ತಪ್ಪಿಸಿಕೊಂಡೆ, ಬಸ್ಸಿನಲ್ಲಿ ಸೇತುವೆ ದಾಟಿ ಎರ್ನಾಕುಲಂ ಸೇರಿದೆ. ಏನೂ ತೊಂದರೆಯಾಗಲಿಲ್ಲ, ಆದರೆ ಎದೆ ಸ್ವಲ್ಪ ಹೊಡೆದುಕೊಂಡಿದ್ದು ನಿಜ. ನಿಮಗೆ ರಾತ್ರಿ ರೈಲಿದೆ, ಮರೆಯಬೇಡಿ.

ಪ್ರಶ್ನೆ: ಆ ಬಲೆಗಳನ್ನು ನಿಜವಾಗಿ ಚೀನಾದವರು ತಂದದ್ದೇ? ಈಗ ಅದರಲ್ಲಿ ಮೀನು ಸಿಗುತ್ತದೋ, ಸುಮ್ನೆ ಫೋಟೋಗೆ ಇಟ್ಟಿದ್ದಾರೋ? — ಓದುಗರು, ಹಾವೇರಿ

ಉತ್ತರ: ಹದಿನೈದನೇ ಶತಮಾನದ ಮೊದಲಲ್ಲಿ ಚೀನಾದ ಝೆಂಗ್ ಹೆ ದೊಡ್ಡ ಹಡಗುಪಡೆ ಕಟ್ಟಿಕೊಂಡು ಕೊಚ್ಚಿಗೆ ಬಂದದ್ದು ನಿಜ. ಬಲೆಯೂ ಆಗಲೇ ಬಂತು ಅಂತ ಜನ ಹೇಳುತ್ತಾರೆ. ಇಲ್ಲ, ಚೀನಾ ಕರಾವಳಿಯ ತಮ್ಮ ನೆಲೆ ಮಕಾವ್‌ನಿಂದ ಪೋರ್ಚುಗೀಸರು ತಂದರು ಅನ್ನುವವರೂ ಇದ್ದಾರೆ. ಬಲೆಯ ಭಾಗಗಳಿಗೆ ಪೋರ್ಚುಗೀಸ್ ಹೆಸರುಗಳಿವೆ ಅನ್ನುವುದು ಅವರ ವಾದ. ಹೆಸರು ಚೀನಾದ್ದು, ಭಾಗಗಳ ಹೆಸರು ಪೋರ್ಚುಗೀಸರದ್ದು, ಎಳೆಯುವವರು ಮಲಯಾಳಿಗಳು. ಕೊಚ್ಚಿಯ ವಿಳಾಸವೇ ಹಾಗೆ ಬಿಡಿ.

ನೀವು ಬಲೆಗಿಂತ ಅದರ ಹಿಂದಿನ ಕಲ್ಲುಗಳನ್ನು ನೋಡಿ. ಬಲೆ ಕಟ್ಟಿದ ಮರ ಒಂದು ದೊಡ್ಡ ಏತದ ಹಾಗೆ. ಮುಂದೆ ಬಲೆ, ಹಿಂದೆ ಹಗ್ಗಗಳಲ್ಲಿ ನೇತುಬಿದ್ದ ಕಲ್ಲುಗಳು. ಎಲ್ಲ ಹಗ್ಗ ಒಂದೇ ಉದ್ದ ಇರುವುದಿಲ್ಲ. ಐದಾರು ಜನ ಎಳೆದಾಗ ಬಲೆ ಮೇಲೆ ಬರುತ್ತದೆ, ಕಲ್ಲುಗಳು ಕೆಳಗಿಳಿಯುತ್ತವೆ. ಒಂದೊಂದೇ ಕಲ್ಲು ಹಲಗೆಗೆ ತಾಗಿ ಕೂರುತ್ತದೆ. ಹಾಗೆ ಕೂತಷ್ಟೂ ಹಿಂದಿನ ಭಾರ ತಾನಾಗಿ ಕಮ್ಮಿಯಾಗುತ್ತಾ ಹೋಗಿ ತೂಕ ಸರಿಹೋಗುತ್ತದೆ. ಹೀಗೆ ಲೆಕ್ಕ ಹಾಕಿದವರು ಯಾರೋ ಏನೋ, ಅವರಿಗೆ ಕೈಮುಗಿಯಬೇಕು.

ಮೀನು ಮೊದಲಿನಷ್ಟು ಇಲ್ಲ. ನಾನು ನಿಂತಿದ್ದಾಗ ನಾಲ್ಕು ಸಲ ಎತ್ತಿದರು. ಒಂದು ಸಲ ಬರೀ ನೀರುಪಾಚಿ. ಉಳಿದ ಸಲ ಒಂದೊಂದು ಹಿಡಿ ಸಣ್ಣ ಮೀನು. ಹಗ್ಗ ಎಳೆಯಲು ನಿಮ್ಮನ್ನೂ ಕರೆಯುತ್ತಾರೆ, ಆಮೇಲೆ ಕಾಸು ಕೇಳುತ್ತಾರೆ. ಎಳೆದರೆ ಕೊಡಿ, ಅದು ಅವರ ದುಡಿಮೆ. ಪಕ್ಕದಲ್ಲೇ ಬೆಳಿಗ್ಗೆ ಮೀನು ಹರಾಜು ಕೂಗುತ್ತಾರೆ, ಅದನ್ನೂ ನೋಡಿ.

ಇನ್ನೊಂದು ಮಾತು. ಈ ಬಂದರು ಹುಟ್ಟಿದ್ದೇ ಒಂದು ಪ್ರವಾಹದಿಂದ ಅನ್ನುತ್ತಾರೆ. 1341ರಲ್ಲಿ ಪೆರಿಯಾರ್ ಹೊಳೆ ಉಕ್ಕಿ, ಕೊಡುಂಗಲ್ಲೂರಿನ ಹಳೆ ಬಂದರಿಗೆ ಹೂಳು ತುಂಬಿತು, ಕೊಚ್ಚಿಯ ಅಳಿವೆ ಅಗಲವಾಯಿತು. ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಇತ್ತ ಬಂದರು.

ಪ್ರಶ್ನೆ: ನಮ್ಮ ಮನೆಮಾತು ಕೊಂಕಣಿ. ನಮ್ಮವರಲ್ಲಿ ಕೆಲವರು ಗೋವೆ ಬಿಟ್ಟು ಕೊಚ್ಚಿಗೆ ಹೋದರು ಅಂತ ಅಜ್ಜಿ ಹೇಳುತ್ತಿದ್ದರು. ಅಲ್ಲಿ ಈಗಲೂ ಯಾರಾದರೂ ಇದ್ದಾರೆಯೇ? — ಓದುಗರು, ಶಿರಸಿ

ಉತ್ತರ: ಇದ್ದಾರೆಯೇ ಅಂತ ಕೇಳಿದಿರಲ್ಲ! ಮಟ್ಟಾಂಚೇರಿಯ ಚೆರಳಾಯಿಗೆ ಹೋಗಿ. ನಾನು ಕುಮಟಾದವಳು. ಮನೆಮಾತು ಕನ್ನಡವಾದರೂ ಅಕ್ಕಪಕ್ಕದವರಿಂದ ಕೊಂಕಣಿ ಕಿವಿಗೆ ಬಿದ್ದು ಬೆಳೆದವಳು. ಚೆರಳಾಯಿಯ ತಿರುಮಲ ದೇವಸ್ಥಾನದ ಬೀದಿಯಲ್ಲಿ ಬರುತ್ತಿದ್ದೆ. ಹೂವಿನ ಅಂಗಡಿ ಮುಂದೆ ಒಬ್ಬ ಅಜ್ಜಿ ಮೊಮ್ಮಗನನ್ನು ಬೈಯುತ್ತಿದ್ದರು. ಎರಡು ಕ್ಷಣ ಬೇಕಾಯಿತು ನನಗೆ, ಇದು ಮಲಯಾಳವಲ್ಲ, ಕೊಂಕಣಿ ಅಂತ ಗೊತ್ತಾಗಲು. ರಾಗ ಬೇರೆ, ಮಾತು ನಮ್ಮ ಕಡೆಯದ್ದೇ. ನಾನು "ಜೇವಣ ಜಾಲೇ?" (ಊಟ ಆಯಿತಾ?) ಅಂದೆ. ಅಜ್ಜಿ ಬೈಯುವುದನ್ನು ನಿಲ್ಲಿಸಿ, ನನ್ನ ಮುಖ ನೋಡಿ, "ಮಂಗಳೂರಾ?" ಅಂದರು. ಕುಮಟಾ ಅಂದೆ. ಅವರಿಗೆ ಕುಮಟಾ ಗೊತ್ತಿರಲಿಲ್ಲ. ಗೋಕರ್ಣದ ಹತ್ತಿರ ಅಂದೆ, ಆಗ ಕೈ ಹಿಡಿದುಕೊಂಡರು.

ಹದಿನಾರನೇ ಶತಮಾನದಲ್ಲಿ, ಅದರಲ್ಲೂ 1560ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಮತ ವಿಚಾರಣೆ, ಅಂದರೆ ಇನ್‌ಕ್ವಿಸಿಶನ್ ಶುರುವಾದ ಮೇಲೆ, ತಂಡ ತಂಡವಾಗಿ ಜನ ಕರಾವಳಿ ಹಿಡಿದು ತೆಂಕಣಕ್ಕೆ ಇಳಿದರು. ನಮ್ಮ ಭಟ್ಕಳ, ಮಂಗಳೂರಿನಲ್ಲಿ ನಿಂತವರು ನಿಂತರು. ಇನ್ನೂ ಮುಂದೆ ಹೋದವರು ಕೊಚ್ಚಿಯಲ್ಲಿ ನೆಲೆಸಿದರು. ಶೆಣೈ, ಪೈ, ಕಾಮತ್, ಪ್ರಭು, ಮಲ್ಯ ಅಂತ ಬಾಗಿಲ ಮೇಲೆ ಓದುವಾಗ ಕುಮಟಾದ ರಥಬೀದಿಯಲ್ಲೇ ಇದ್ದ ಹಾಗಾಗುತ್ತದೆ. ಕೊಂಕಣಿ ಅಂದರೆ ಅಲ್ಲಿ ಬರೀ ಸಾರಸ್ವತರಲ್ಲ. ಕುಡುಂಬಿ ಸಮುದಾಯದವರದ್ದೂ ಕೊಂಕಣಿಯೇ. ಕಷ್ಟದ ಕೆಲಸ ಮಾಡಿಕೊಂಡು ಬಂದ ಜನ. ಅವರನ್ನು ಬಿಟ್ಟು ಈ ಕಥೆ ಹೇಳಬಾರದು.

ನಿಮ್ಮ ಅಜ್ಜಿಗೆ ಇದು ಗೊತ್ತಿತ್ತೋ ಇಲ್ಲವೋ. ಡಚ್ಚರ ಕಾಲದಲ್ಲಿ ಕೊಚ್ಚಿಯಲ್ಲಿ ವಾನ್ ರೀಡ್ ಅಂತ ಒಬ್ಬ ಅಧಿಕಾರಿ ಇದ್ದ. ಮಲಬಾರಿನ ಗಿಡಮರಗಳ ಬಗ್ಗೆ 'ಹೊರ್ಟಸ್ ಮಲಬಾರಿಕಸ್' ಅಂತ ದೊಡ್ಡ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟ ಅಚ್ಚಾಯಿತು. ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಅನ್ನುವ ವೈದ್ಯರಿದ್ದರು. ಜೊತೆಗೆ ಮೂವರು ಕೊಂಕಣಿಗರು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಇದು ನಾವೇ ಹೇಳಿದ್ದು ಅಂತ ಅವರು ಕೊಂಕಣಿಯಲ್ಲಿ, ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಒಕ್ಕಣೆಯೂ ಆ ಪುಸ್ತಕದಲ್ಲೇ ಅಚ್ಚಾಗಿದೆ. ಊರು ಬಿಟ್ಟು ಬಂದವರ ಕೈಬರಹ ಆಮ್‌ಸ್ಟರ್‌ಡ್ಯಾಮ್‌ವರೆಗೆ ಹೋಯಿತು!

ದೇವಸ್ಥಾನಕ್ಕೆ ಹೋಗುವಾಗ ಗಂಡಸರು ಅಂಗಿ ತೆಗೆಯಬೇಕು. ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ಬೆಳಿಗ್ಗೆ ಇಲ್ಲವೇ ಸಂಜೆ ಹೋಗಿ.

ಪ್ರಶ್ನೆ: ಯೆಹೂದಿಗಳೆಲ್ಲ ಇಸ್ರೇಲಿಗೆ ಹೋದರಂತೆ. ಖಾಲಿಯಾದ ಮನೆಯೊಳಗೆ ಹೋಗಿ ನೋಡಿದ ಹಾಗೆ ಅನಿಸುವುದಿಲ್ಲವೇ? ಹೋಗಬೇಕೋ ಬೇಡವೋ ಅಂತ ಗೊಂದಲ. — ಓದುಗರು, ಮೈಸೂರು

ಉತ್ತರ: ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ನನಗೂ ಹಾಗೇ ಅನಿಸಿತ್ತು.

ಪರದೇಶಿ ಸಿನಗಾಗ್ 1568ರದ್ದು. ರಾಜನ ಅರಮನೆಗೂ ಅರಮನೆಯ ದೇವಸ್ಥಾನಕ್ಕೂ ಅಂಟಿಕೊಂಡೇ ಜಾಗ ಕೊಟ್ಟಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಪೆಟ್ಟು ತಿಂದಿತು, ಡಚ್ಚರು ಬಂದ ಮೇಲೆ ಮತ್ತೆ ಎದ್ದಿತು. ನೆಲಕ್ಕೆ ಚೀನಾದಿಂದ ತರಿಸಿದ ನೀಲಿ ಬಿಳಿ ಟೈಲ್ಸ್ ಹಾಕಿದ್ದಾರೆ. ಎಲ್ಲ ಕೈಯಲ್ಲೇ ಬಿಡಿಸಿದ್ದು. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ನಿಂತರೆ ತಣ್ಣಗಿರುತ್ತದೆ. ನಾನು ಬಗ್ಗಿ ನೋಡಿದೆ. ಎಲ್ಲದರಲ್ಲೂ ಒಂದೇ ಚಿತ್ರ ಅಂದುಕೊಂಡಿದ್ದೆ, ಅಲ್ಲ. ಒಂದರಲ್ಲಿ ಮರದ ಕೊಂಬೆ ಎಡಕ್ಕೆ ಬಾಗಿದೆ, ಇನ್ನೊಂದರಲ್ಲಿ ಸ್ವಲ್ಪ ದಪ್ಪ, ಮತ್ತೊಂದರಲ್ಲಿ ಕುಂಚ ಜಾರಿ ನೀಲಿ ಹರಡಿದೆ. ಹೊರಗಿನ ಗಡಿಯಾರದ ಗೋಪುರ 1760ರದ್ದು. ಅದರ ಮುಖಗಳಲ್ಲಿ ಹೀಬ್ರೂ, ರೋಮನ್, ಮಲಯಾಳ ಅಂಕಿಗಳಿವೆ. ದಾರಿಯಲ್ಲಿ ಹೋಗುವವರಿಗೆಲ್ಲ ಅವರವರ ಅಂಕಿಯಲ್ಲೇ ಹೊತ್ತು ತಿಳಿಯಲಿ ಅಂತ ಯೋಚಿಸಿದ್ದಾರಲ್ಲ, ನನಗೆ ಅದೇ ದೊಡ್ಡದು.

1950ರ ದಶಕದಲ್ಲಿ ಜಾಸ್ತಿ ಜನ ಹೊರಟುಹೋದರು. ಯಾರೂ ಓಡಿಸಲಿಲ್ಲ, ಇಸ್ರೇಲ್ ಕರೆಯಿತು, ಹೋದರು. ಪೂರ್ತಿ ಪ್ರಾರ್ಥನೆ ನಡೆಯಬೇಕಾದರೆ ಹತ್ತು ಗಂಡಸರು ಇರಬೇಕು ಅನ್ನುವುದು ಅವರ ನಿಯಮ. ಈಗ ಹೊರಗಿನಿಂದ ಬಂದ ಯೆಹೂದಿಗಳು ಸೇರಿದರೆ ಮಾತ್ರ ಹತ್ತಾಗುತ್ತದೆ. ಬೀದಿಗೆ ಜ್ಯೂ ಟೌನ್ ಅನ್ನುವ ಹೆಸರು ಉಳಿದಿದೆ. ಮನೆಗಳಲ್ಲಿ ಹಳೆ ಸಾಮಾನಿನ ಅಂಗಡಿ, ಶಾಲಿನ ಅಂಗಡಿ. ಅಂಚೆ ಕಚೇರಿಯಲ್ಲಿ ನಾವು ಒಂದು ಮುದ್ರೆ ಹೊಡೆಯುತ್ತಿದ್ದೆವು, 'ವಿಳಾಸದಾರರು ಸ್ಥಳ ಬಿಟ್ಟಿದ್ದಾರೆ' ಅಂತ. ಆ ಬೀದಿಯಲ್ಲಿ ನನಗೆ ನೆನಪಾದದ್ದು ಅದೇ. ಒಂದು ಕಿಟಕಿಯ ಸರಳಿನಲ್ಲಿ ಆರು ಮೂಲೆಯ ನಕ್ಷತ್ರ ಇತ್ತು, ಅದರ ಮೇಲೆ ಮಾರಾಟದ ಚೂಡಿದಾರ್ ನೇತುಹಾಕಿದ್ದರು. ಅಂಗಡಿಯವರ ತಪ್ಪಲ್ಲ, ಅವರೂ ಬದುಕಬೇಕು. ಆದರೂ ಹೊಟ್ಟೆಯೊಳಗೆ ಏನೋ ಆಯಿತು.

ಹೋಗಿ. ಆದರೆ ಪ್ರಾರ್ಥನೆಯ ಮನೆಗೆ ಹೋಗುವ ಹಾಗೆ ಹೋಗಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಮಾತು ಮೆಲ್ಲಗಿರಲಿ. ಒಂದು ಮೂಲೆಯ ಬೆಂಚಿನಲ್ಲಿ ಹತ್ತು ನಿಮಿಷ ಕೂತುಕೊಳ್ಳಿ. ತಂಡಗಳು ಬಂದು ಹೋಗುತ್ತವೆ, ನಡುವೆ ಒಂದೆರಡು ನಿಮಿಷ ಯಾರೂ ಇರುವುದಿಲ್ಲ. ಆ ಎರಡು ನಿಮಿಷಕ್ಕಾಗಿಯೇ ಕಾಯಿರಿ.

ಪ್ರಶ್ನೆ: ನಾನು ಸಸ್ಯಾಹಾರಿ. ಒಬ್ಬಳೇ ಹೋಟೆಲಿನಲ್ಲಿ ಕೂತು ತಿನ್ನಲು ಸಂಕೋಚ ಬೇರೆ. — ಓದುಗರು, ತುಮಕೂರು

ಉತ್ತರ: ಮಟ್ಟಾಂಚೇರಿಯ ಗುಜರಾತಿ ಬೀದಿಗೆ ಹೋಗಿ. ಗುಜರಾತಿಗಳು ವ್ಯಾಪಾರಕ್ಕೆ ಬಂದು ತಲೆತಲಾಂತರದಿಂದ ಅಲ್ಲೇ ಇದ್ದಾರೆ. ರೊಟ್ಟಿ, ದಾಲ್, ಸಿಹಿ ತಿಂಡಿ ಎಲ್ಲ ಸಿಗುತ್ತದೆ. ಹತ್ತಿರದ ಜೈನ ಬಸದಿಯಲ್ಲಿ ಮಧ್ಯಾಹ್ನದ ಹೊತ್ತು ಪಾರಿವಾಳಗಳಿಗೆ ಕಾಳು ಹಾಕುತ್ತಾರೆ, ಅದನ್ನು ನೋಡಿಕೊಂಡು ಊಟಕ್ಕೆ ಹೋಗಬಹುದು. ಬಿರಿಯಾನಿ ತಿನ್ನುವವರಿಗಂತೂ ಮಟ್ಟಾಂಚೇರಿ ಹಬ್ಬ. ಸಂಕೋಚಕ್ಕೆ ನನ್ನ ಹತ್ತಿರ ಒಂದೇ ಮದ್ದು: ಒಂದು ಗಂಟೆಗೆ ಎಲ್ಲರೂ ಬರುವ ಮೊದಲೇ, ಹನ್ನೆರಡೂವರೆಗೆ ಹೋಗಿ ಗೋಡೆ ಪಕ್ಕದ ಮೇಜು ಹಿಡಿಯಿರಿ. ಎರಡು ಸಲ ಹಾಗೆ ತಿಂದರೆ ಸಂಕೋಚ ಹೋಗುತ್ತದೆ.

ಪ್ರಶ್ನೆ: ಆಟೋದವರು ಅಂಗಡಿ ಅಂಗಡಿಗೆ ಕರೆದೊಯ್ಯುತ್ತಾರೆ ಅಂತ ಕೇಳಿದ್ದೇನೆ, ನಿಜವೇ? — ಓದುಗರು, ಬಾಗಲಕೋಟೆ

ಉತ್ತರ: ಕೆಲವರು ಮಾಡುತ್ತಾರೆ. "ಊರೆಲ್ಲ ತೋರಿಸುತ್ತೇನೆ, ನೂರೇ ರೂಪಾಯಿ" ಅಂದವರ ಆಟೋ ನಾನೂ ಹತ್ತಿದ್ದೆ. ಮೂರು ದೊಡ್ಡ ಅಂಗಡಿ ಹತ್ತಿಳಿಯುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು, ಸಿನಗಾಗ್ ಬಾಗಿಲು ಹಾಕಿಬಿಟ್ಟಿತು. ಹೋದ ಹೊತ್ತಿಗೆ ಈಗಲೂ ಬೇಜಾರು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಮಾತ್ರ ಆಟೋ ಹಿಡಿಯಿರಿ, "ಅಂಗಡಿ ಬೇಡ" ಅಂತ ಹತ್ತುವ ಮೊದಲೇ ಹೇಳಿ. ಒಳ್ಳೆಯವರೂ ಬೇಕಾದಷ್ಟು ಜನ ಇದ್ದಾರೆ. ಧೋಬಿ ಖಾನಾಕ್ಕೆ ಬಿಟ್ಟವರು ನಾನು ಮರೆತ ಕೊಡೆ ಕೊಡಲು ವಾಪಸ್ ಬಂದಿದ್ದರು.

ಪ್ರಶ್ನೆ: ರಾಜರು, ಚರ್ಚುಗಳು, ವ್ಯಾಪಾರಿಗಳು ಇವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಬಂದರಿನಲ್ಲಿ ಮೂಟೆ ಹೊತ್ತವರ ಗುರುತು ಆ ಊರಿನಲ್ಲಿ ಎಲ್ಲಿದೆ? — ವಿದ್ಯಾರ್ಥಿ, ಮಂಗಳೂರು

ಉತ್ತರ: ಬಾಗಿಲ ಮೇಲೆ ಹೆಸರಿಲ್ಲದವರನ್ನು ಕೇಳಿದಿರಿ. ನಿಮ್ಮ ಪತ್ರಕ್ಕೆ ಥ್ಯಾಂಕ್ಸ್.

ಇಂದಿನ ಬಂದರು ಮಾಡಿದವರು ರಾಬರ್ಟ್ ಬ್ರಿಸ್ಟೋ ಅನ್ನುವ ಎಂಜಿನಿಯರ್. 1920ರಲ್ಲಿ ಬಂದರು. ಅಳಿವೆಗೆ ಅಡ್ಡಬಿದ್ದಿದ್ದ ಮರಳ ದಿಬ್ಬ ಕಡಿದು ಹಡಗಿಗೆ ದಾರಿ ಮಾಡಿದರು. ಹೂಳೆತ್ತಿದ ಮಣ್ಣಿನಿಂದಲೇ ವಿಲಿಂಗ್ಡನ್ ದ್ವೀಪ ಎದ್ದಿತು. ಬೆಂಗಳೂರಿನಿಂದ ಹೋಗುವ ಕನ್ಯಾಕುಮಾರಿ ರೈಲನ್ನು ಹಳಬರು ಐಲ್ಯಾಂಡ್ ಎಕ್ಸ್‌ಪ್ರೆಸ್ ಅನ್ನುತ್ತಾರಲ್ಲ, ಆ ಐಲ್ಯಾಂಡ್ ಇದೇ. ಹಿಂದೆ ಆ ರೈಲು ದ್ವೀಪದವರೆಗೆ ಹೋಗುತ್ತಿತ್ತು.

ಅಲ್ಲಿ ಕೆಲಸ ಸಿಗುತ್ತಿದ್ದ ಬಗೆ ಕೇಳಿ. ಬೆಳಗಾದರೆ ನೂರಾರು ಜನ ಕೆಲಸಕ್ಕೆ ಕಾದು ನಿಲ್ಲುತ್ತಿದ್ದರು. ಕಂತ್ರಾಟುದಾರನ ಕಡೆಯವನು ಲೋಹದ ಬಿಲ್ಲೆಗಳನ್ನು ಗುಂಪಿನ ಮೇಲೆ ಎಸೆಯುತ್ತಿದ್ದ. ಅದಕ್ಕೆ ಚಾಪ್ಪ ಅಂತ ಹೆಸರು. ಕಿತ್ತಾಡಿ, ಬಿದ್ದು, ತುಳಿಸಿಕೊಂಡು ಬಿಲ್ಲೆ ಹಿಡಿದವನಿಗೆ ಅವತ್ತಿನ ಕೂಲಿ. ಸಿಗದವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಇದರ ವಿರುದ್ಧ ಕಾರ್ಮಿಕರು ಎದ್ದರು. 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. ಚಾಪ್ಪ ಪೂರ್ತಿ ನಿಂತದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಬಜಾರ್ ರಸ್ತೆಯ ಗೋದಾಮುಗಳ ಚಂದ ನೋಡುವಾಗ ಇದು ನೆನಪಿರಲಿ.

ಇನ್ನೊಂದು ಜಾಗ ಇದೆ. ಮಟ್ಟಾಂಚೇರಿಯ ಮಂಗಾಟ್ಟುಮುಕ್ಕಿನಲ್ಲಿ ಕಾಪ್ಪಿರಿ ಮುತ್ತಪ್ಪನ್ ಅಂತ ಒಂದು ಸಣ್ಣ ಗುಡಿ. ಗುಡಿ ಅಂದರೆ ಗೋಡೆಗೆ ಒತ್ತಿದ ಒಂದು ಕಟ್ಟೆ, ಅಷ್ಟೇ. ಕಾಪ್ಪಿರಿ ಅಂದರೆ ಆಫ್ರಿಕಾದ ಗುಲಾಮ. 1663ರಲ್ಲಿ ಡಚ್ಚರು ಕೊಚ್ಚಿ ಗೆದ್ದರು. ಆಗ ಪೋರ್ಚುಗೀಸರು ತಮ್ಮ ನಿಧಿ ಹೂಳಿ, ಕಾವಲಿಗೆ ಇರಲಿ ಅಂತ ಗುಲಾಮರನ್ನೂ ಕೊಂದು ಜೊತೆಗೇ ಹೂತರು ಅಂತ ಊರಿನವರ ಕಥೆ. ಸತ್ತವನು ಊರಿನ ಅಜ್ಜನಾದ. ಮಕ್ಕಳಿಗೆ ಹುಷಾರಿಲ್ಲದಿದ್ದರೆ, ಏನಾದರೂ ಕಳೆದುಹೋದರೆ ಅವನಿಗೆ ಹರಕೆ. ಮೇಣದಬತ್ತಿ ಹಚ್ಚುತ್ತಾರೆ, ಚುಟ್ಟಾ ಇಡುತ್ತಾರೆ. ಹಿಂದೂಗಳೂ ಬರುತ್ತಾರೆ, ಕ್ರೈಸ್ತರೂ, ಮುಸ್ಲಿಮರೂ. ನಾನು ಹೋದಾಗ ಮೂರು ಬತ್ತಿ ಉರಿಯುತ್ತಿತ್ತು, ಅರ್ಧ ಸುಟ್ಟ ಒಂದು ಚುಟ್ಟಾ ಇತ್ತು. ಸ್ಕೂಟರಿನಲ್ಲಿ ಬಂದ ಹುಡುಗನೊಬ್ಬ ಗಾಡಿ ಆರಿಸದೆ ಒಂದು ಕ್ಷಣ ನಿಂತು, ಹಣೆ ಮುಟ್ಟಿಕೊಂಡು ಹೋದ. ಆಫ್ರಿಕಾದ ಆ ಮನುಷ್ಯನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ನೀವು ಮಂಗಳೂರಿನ ಹುಡುಗ, ಬೋಟಿಳಿದ ಮೇಲೆ ಬೇರೆಲ್ಲಕ್ಕಿಂತ ಮೊದಲು ಅಲ್ಲಿಗೇ ಹೋಗಿ.

ಪ್ರಶ್ನೆ: ಕೊಚ್ಚಿಯಿಂದ ಏನು ತರಲಿ? — ಓದುಗರು, ಬೆಂಗಳೂರು

ಉತ್ತರ: ಕಾಳುಮೆಣಸು ತನ್ನಿ, ಜ್ಯೂ ಟೌನಿನ ದೊಡ್ಡ ಅಂಗಡಿಯಿಂದಲ್ಲ, ಬಜಾರ್ ರಸ್ತೆಯಿಂದ. ಮತ್ತೆ ಫೋರ್ಟ್ ಕೊಚ್ಚಿ ಅಂಚೆ ಕಚೇರಿಗೆ 50 ಪೈಸೆಯ ಒಂದು ಕಾರ್ಡಿನ ಜೊತೆ ಹೋಗಿ, ನಿಮ್ಮ ಹೆಸರಿಗೇ ಬರೆದು ಹಾಕಿ. ನಾನು ಹೋದಾಗಲೆಲ್ಲ ಹಾಕುತ್ತೇನೆ. ಕಳೆದ ಸಲದ್ದು ನಾನು ಮನೆಗೆ ಬಂದ ಆರು ದಿನಕ್ಕೆ ಬಂತು. ಒಂದು ಮೂಲೆ ಮಡಚಿತ್ತು, ಮುದ್ರೆ ಸ್ವಲ್ಪ ಓರೆ ಬಿದ್ದಿತ್ತು. ಕನ್ನಡಕ ಹಾಕಿಕೊಂಡು ನೋಡಿದೆ. 682001 ಚೆನ್ನಾಗಿ ಕಾಣುತ್ತಿತ್ತು.